ಅಂಚಿಗೆ ಜಾರಿದ ಹಕ್ಕಿ

ನಮ್ಮ ಭಾವ ಬೆಳಿಗ್ಗೆ ಚಹಾ ಕುಡಿದ ಲೋಟ ಕೆಳಗಿಟ್ಟ ಮೇಲೆ, ಚಪ್ಪಲಿ ಮೆಟ್ಟುವ ಮುಂಚೆ, ಊಟದ ಮೇಜಿನ ಮೇಲೆ ಒಂದು ನಾಣ್ಯ ತಿರುಗಿಸುತ್ತಾರೆ. ಎರಡು ಬೆರಳಲ್ಲಿ ಹಿಡಿದು ಚಕ್ಕನೆ ತಿರುವಿಬಿಟ್ಟರೆ ಅದು ಬುಗುರಿಯ ಹಾಗೆ ಸುತ್ತುತ್ತದೆ, ಆಮೇಲೆ ತೂರಾಡುತ್ತದೆ, ಕೊನೆಗೆ ಗಡಗಡ ನಡುಗಿ ಮಲಗುತ್ತದೆ. ಅದು ಮಲಗುವ ತನಕ ಭಾವ ಉಸಿರು ಬಿಡುವುದಿಲ್ಲ. ಮಲಗಿದ ಮೇಲೆ "ಸರಿ, ಬರ್ತೀನಿ" ಎನ್ನುತ್ತಾರೆ. ನಾಣ್ಯಕ್ಕೆ ಹೇಳಿದರೋ ಅಕ್ಕನಿಗೆ ಹೇಳಿದರೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಜ್ವರ ಬಂದ ದಿನವೂ ಹೊದಿಕೆ ಸುತ್ತಿಕೊಂಡು ಎದ್ದು ಬಂದು ತಿರುಗಿಸಿ, ಮತ್ತೆ ಹೋಗಿ ಮಲಗಿದ್ದಾರೆ. ಆ ಹೊತ್ತಿಗೆ ನಾನು ಮಹಡಿಯ ನನ್ನ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತೇನೆ. ಕೆಳಗಿನಿಂದ ಆ ಗಡಗಡ ಕೇಳಿಸಿತು ಎಂದರೆ ನನ್ನ ಪ್ರಾರ್ಥನೆಯೂ ಮುಗಿಯಿತು ಎಂದು ಅರ್ಥ.

ಈ ಅಭ್ಯಾಸ ತಪ್ಪಿದ್ದು ಒಂದೇ ಸಲ, ಅದೂ ಕೆಲವು ವಾರ. ಆ ಕಥೆಯನ್ನೇ ಹೇಳುತ್ತಿದ್ದೇನೆ.

ಭಾವ ಲಿಫ್ಟ್ ನಡೆಸುವವರು. ಪೇಟೆಯ ದೊಡ್ಡ ಆಫೀಸು ಕಟ್ಟಡವೊಂದರಲ್ಲಿ, ಜಾಲರಿ ಬಾಗಿಲಿನ ಹಳೇ ಲಿಫ್ಟಿನೊಳಗೆ, ಮೂರು ಕಾಲಿನ ಸ್ಟೂಲಿನ ಮೇಲೆ ಅವರ ಆಯುಷ್ಯ ಕಳೆದಿದೆ. ಹೊಸಬರು ಯಾರು ಹತ್ತಿದರೂ ಅವರದು ಒಂದೇ ಮಾತು: "ದಿನಾ ಇಷ್ಟು ಸಲ ಮೇಲಕ್ಕೆ ಹೋಗ್ತೀನಿ ಸ್ವಾಮಿ, ಬಡ್ತಿ ಮಾತ್ರ ಸಿಗಲಿಲ್ಲ." ಎದುರಿನವರು ನಗುವ ಮುಂಚೆ ಅವರೇ ನಕ್ಕುಬಿಡುತ್ತಾರೆ. ಹಳಬರಿಗೆ ಆ ಮಾತು ಬಾಯಿಪಾಠ. ಆದರೂ ಅದು ಕೇಳಿಸದಿದ್ದರೆ "ಏನು, ಮೈ ಸರಿ ಇಲ್ವಾ?" ಎಂದು ವಿಚಾರಿಸುತ್ತಾರೆ.

ಆ ಕಟ್ಟಡದ ನೆಲಮಹಡಿಯಲ್ಲಿ ಒಂದು ಬ್ಯಾಂಕು. ಬಹಳ ವರ್ಷದ ಹಿಂದೆ ಬ್ಯಾಂಕಿನ ಜವಾನ ಚಿಲ್ಲರೆಯ ಚೀಲವೊಂದನ್ನು ಮೇಲಿನ ಆಫೀಸಿಗೆ ಒಯ್ಯುತ್ತಿದ್ದಾಗ, ಎರಡು ಮಹಡಿಗಳ ನಡುವೆ ಚೀಲದ ತಳ ಕಿತ್ತುಹೋಯಿತು. ಲಿಫ್ಟಿನ ತುಂಬ ಐದರ ನಾಣ್ಯಗಳ ಆಲಿಕಲ್ಲು ಮಳೆ. ಭಾವ ಲಿಫ್ಟ್ ನಿಲ್ಲಿಸಿ, ಮಂಡಿಯೂರಿ, ಸಂದಿಗೊಂದಿಯಿಂದೆಲ್ಲ ಹೆಕ್ಕಿದರು. ಆಗ ಕೈಗೆ ಸಿಕ್ಕಿತು ಅದು. ಎಲ್ಲ ಐದರ ಮೇಲೂ ನಟ್ಟನಡುವೆ ರೆಕ್ಕೆ ಬಿಚ್ಚಿದ ಒಂದು ಹಕ್ಕಿ ಇರುತ್ತದೆ. ಇದರಲ್ಲಿ ಹಕ್ಕಿ ಅಂಚಿಗೆ ಜಾರಿಬಿಟ್ಟಿತ್ತು. ಅರ್ಧ ಬಾಲ ನಾಣ್ಯದ ಆಚೆಗೇ ಹೋಗಿ, ಈಚೆ ಬದಿ ಬಾಳೆಲೆಯ ಹಾಗೆ ಬೋಳಾಗಿತ್ತು. ಅಚ್ಚು ಹಾಕುವವರ ಕೈ ತಪ್ಪು. ಆಗಿನ ಮ್ಯಾನೇಜರು ನಕ್ಕು, "ಬದಲಿಗೆ ಒಂದು ಐದು ಹಾಕಿ, ಇದನ್ನ ನೀವೇ ಇಟ್ಕೊಳ್ಳಿ. ನಿಮ್ಮ ಮಂಡಿಯ ಲೆಕ್ಕಕ್ಕೆ ಇರಲಿ" ಎಂದರಂತೆ.

ಅಲ್ಲಿಗೆ ಮನುಷ್ಯನ ಕಥೆ ಮುಗಿಯಿತು, ಇಲ್ಲವೇ ಶುರುವಾಯಿತು. ಒಂದು ಚೀಲದಲ್ಲಿ ಇಂಥದ್ದು ಇತ್ತೆಂದರೆ ಮಿಕ್ಕ ಚೀಲಗಳಲ್ಲಿ ಏನೇನಿರಬಹುದು! ಪ್ರತಿ ಶುಕ್ರವಾರ ನೋಟು ಕೊಟ್ಟು ಒಂದು ಚೀಲ ಚಿಲ್ಲರೆ ತರುವುದು, ಮೇಜಿನ ಮೇಲೆ ಹಳೇ ಹಾಸುಬಟ್ಟೆ ಹಾಸಿ ಸುರಿಯುವುದು, ಒಂದೊಂದನ್ನೇ ಬೆಳಕಿಗೆ ಹಿಡಿದು ಇಸವಿ, ಅಂಚು, ಅಕ್ಷರ ನೋಡುವುದು. ಇಸವಿ ಎರಡೆರಡು ಸಲ ಬಿದ್ದದ್ದು, ಅಕ್ಷರ ನುಂಗಿಕೊಂಡದ್ದು, ಎಲ್ಲೂ ಕಾಣದ ಹಳೇ ಕಾಲದ್ದು ಸಿಕ್ಕರೆ ಬಿಸ್ಕತ್ತಿನ ಡಬ್ಬಿಗೆ. ಮಿಕ್ಕಿದ್ದೆಲ್ಲ ಬ್ಯಾಂಕಿಗೆ ವಾಪಸು. ಮತ್ತೆ ಶುಕ್ರವಾರ.

"ಖರ್ಚೇ ಇಲ್ಲದ ಚಟ ಕಣೇ ಇದು" ಎನ್ನುತ್ತಿದ್ದರು ಭಾವ.

"ಸೋಪಿನ ಖರ್ಚು ಯಾರಪ್ಪ ಕೊಡ್ತಾನೆ?" ಅಕ್ಕ ಅವರ ಕಪ್ಪು ಬೆರಳು ನೋಡಿ ಅನ್ನುವಳು, ಆಮೇಲೆ ನನ್ನ ಕಡೆ ತಿರುಗಿ, "ಊರಿಗೆಲ್ಲ ಚಿಲ್ಲರೆ ಕಂಡ್ರೆ ತಲೆನೋವು. ನನ್ನ ಗಂಡ ಕ್ಯೂ ನಿಂತು ತರ್ತಾರೆ. ನೋಡೇ, ಹಕ್ಕಿ ಹಿಡಿಯೋ ಕೆಲಸಕ್ಕೆ ಹೋಗಿದ್ರೆ ಪುಕ್ಕನಾದ್ರೂ ಸಿಗ್ತಿತ್ತು."

ಮೊದಮೊದಲು ಭಾವ ತಂದ ಬ್ಯಾಂಕಿಗೇ ವಾಪಸು ಕೊಡುತ್ತಿದ್ದರು. ಒಂದು ಶುಕ್ರವಾರ ನಾಣ್ಯವೊಂದನ್ನು ಕಣ್ಣಿಗೆ ಹಿಡಿದು, "ಈ ಕೊಕ್ಕು ಸವೆದ ಹಕ್ಕೀನ ಎಲ್ಲೋ ನೋಡಿದ್ದೀನಲ್ಲ" ಎಂದರು.

"ನೋಡಿರ್ತೀರಿ. ಹೋದ ವಾರ ಇದೇ ಮೇಜಿನ ಮೇಲೆ. ಅದರ ಹಿಂದಿನ ವಾರನೂ."

ಇಷ್ಟು ದಿನ ಒಂದೇ ಚೀಲವನ್ನು ತಂದು, ಹುಡುಕಿ, ಕೊಟ್ಟು, ಮತ್ತೆ ಅದನ್ನೇ ತಂದು ಹುಡುಕುತ್ತಿದ್ದೇನೆ ಎಂದು ಅವರಿಗೆ ಹೊಳೆದದ್ದು ಆಗ. ನಕ್ಕು ನಕ್ಕು ಚಹಾ ಮೂಗಿಗೇರಿತು. ಅವತ್ತಿನಿಂದ ಒಂದು ನಿಯಮ: ತರುವುದು ಕೆಳಗಿನ ಬ್ಯಾಂಕಿನಿಂದ, ಕೊಡುವುದು ಮಾರ್ಕೆಟ್ ದಾಟಿ ಆಚೆ ಇರುವ ಶಾಖೆಗೆ.

ಹೀಗಿರುವಾಗ ನಲ್ಲಿ ರಿಪೇರಿಯವನು ಬಂದ. ನಾಳೆ ಬರುತ್ತೇನೆ ಎಂದವನು ಇವತ್ತೇ ಬಂದುಬಿಟ್ಟ. ಇಂಥದ್ದು ಜಗತ್ತಿನಲ್ಲಿ ಎಲ್ಲೂ ನಡೆದಿರಲಾರದು. ಮೇಜು ಸರಿಸದೆ ಪೈಪಿಗೆ ಕೈ ಹೋಗುವುದಿಲ್ಲ ಎಂದ. ಮೇಜಿನ ಮೇಲೆ ಭಾವ ನೋಡಿ ಮುಗಿಸಿದ್ದ ಚಿಲ್ಲರೆಯ ರಾಶಿ. ಅಕ್ಕ ಹಾಸುಬಟ್ಟೆಯ ನಾಲ್ಕು ಮೂಲೆ ಎತ್ತಿ ಹಿಡಿದು ಎಲ್ಲವನ್ನೂ ಚೀಲಕ್ಕೆ ಸುರಿದಳು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಗಂಡನಿಗೆ ನೆರವಾಗೋಣ ಎಂದು ಅವಳಿಗೇಕೆ ಅನ್ನಿಸಿತೋ, ಚೀಲ ಹೊತ್ತು ತಾನೇ ಬ್ಯಾಂಕಿಗೆ ಹೋಗಿ ಕೊಟ್ಟು ಬಂದಳು.

ಸಂಜೆ ಭಾವ ಬಂದು ಖಾಲಿ ಮೇಜು ನೋಡಿದರು. ಆಮೇಲೆ ಮೇಜಿನ ಮೂಲೆ ನೋಡಿದರು. ಬೆಳಿಗ್ಗೆ ತಿರುಗಿಸಿದ ನಾಣ್ಯ ಮಲಗಿರುತ್ತಿದ್ದ ಜಾಗ ಅದು.

"ಇಲ್ಲಿದ್ದ ಹಕ್ಕಿ?"

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಬಟ್ಟೆ ಎತ್ತುವಾಗ ಆ ಮೂಲೆಯೂ ಜೊತೆಗೆ ಎದ್ದಿತ್ತು.

"ಯಾವ ಬ್ಯಾಂಕಿಗೆ ಕೊಟ್ಟೆ?"

"ತಂದಿದ್ದು ಎಲ್ಲಿಂದಲೋ ಅಲ್ಲಿಗೇ! ಅಷ್ಟು ಭಾರ ಹೊತ್ಕೊಂಡು ಮಾರ್ಕೆಟ್ ದಾಟೋಕೆ ನನಗೇನು ನಿಮ್ಮ ಥರ ಹುಚ್ಚಾ?"

ಭಾವ ಅವಳ ಎರಡೂ ಕೈ ಹಿಡಿದು ಸೌಟಿನ ಸಮೇತ ಒಂದು ಸುತ್ತು ತಿರುಗಿಸಿಬಿಟ್ಟರು. "ಬದುಕಿದೆ ಕಣೇ! ಅಲ್ಲಿಗೇ ಕೊಟ್ಟಿದ್ರೆ ಅಲ್ಲಿಂದಲೇ ಬರತ್ತೆ!"

ಬರಲಿಲ್ಲ. ಅಕ್ಕ ಕೊಟ್ಟ ಚೀಲವನ್ನು ಆ ಕ್ಷಣವೇ ಹಿಂದೆ ನಿಂತಿದ್ದ ಬೇಕರಿಯವರು ಒಯ್ದಿದ್ದರು ಎಂದು ಮರುದಿನ ಕ್ಯಾಷಿಯರ್ ಹುಡುಗಿ ಹೇಳಿದಳು. ಬೇಕರಿಯಿಂದ ಅಷ್ಟರಲ್ಲಿ ಇಡೀ ಬೀದಿಗೆ ಹಂಚಿಹೋಗಿತ್ತು. ಭಾವ ಮನೆಗೆ ಬಂದು, "ಹೋಗ್ಲಿ ಬಿಡು. ಹಕ್ಕಿ ತಾನೇ, ಹಾರ್ತು" ಎಂದರು. ಬೆಳಿಗ್ಗೆ ಲೋಟ ಕೆಳಗಿಟ್ಟು ನೇರ ಚಪ್ಪಲಿಗೆ ಕಾಲು ತೂರಿಸಿದರು.

"ಬೇರೆ ಯಾವುದಾದ್ರೂ ತಿರುಗಿಸ್ರೀ" ಎಂದಳು ಅಕ್ಕ.

"ಇವತ್ತು ಹೊತ್ತಾಯ್ತು."

ಹೊತ್ತೇನೂ ಆಗಿರಲಿಲ್ಲ. ಮಹಡಿಯ ಮೇಲೆ ನಾನು ಗಡಗಡ ಶಬ್ದಕ್ಕೆ ಕಾದು ಕಾದು, ಅವತ್ತು ಪ್ರಾರ್ಥನೆಯಿಂದ ಏಳುವುದೇ ತಿಳಿಯದೆ ಕೂತಿದ್ದೆ.

ಆ ಶುಕ್ರವಾರ ಚೀಲ ತಂದದ್ದು ಭಾವ ಅಲ್ಲ, ಅಕ್ಕ. ಮನೆ ಖರ್ಚಿನ ನೋಟುಗಳನ್ನು ಕ್ಯಾಷಿಯರ್ ಹುಡುಗಿಯ ಮುಂದೆ ಹರಡಿ, "ನಮ್ಮ ಮನೆಯವರಿಗೆ ಕೊಡ್ತೀಯಲ್ಲಮ್ಮ, ಅಂಥದ್ದು ಕೊಡು. ಬಾಲ ಇಲ್ಲದ ಹಕ್ಕಿ ಎಲ್ಲಾದ್ರೂ ಕಂಡ್ರೆ ಕಿರುಚು, ನಾನು ಮನೇಲಿದ್ರೂ ಕೇಳಿಸ್ಕೋತೀನಿ" ಎಂದು ಹೇಳಿ ಬಂದಳಂತೆ. ಬೇಕರಿಯನ್ನೂ ಬಿಡಲಿಲ್ಲ. ಒಂದು ಬನ್ನು ಕೊಂಡು ದೊಡ್ಡ ನೋಟು ಕೊಡುವುದು, ಬಾಕಿಯನ್ನು ನಾಣ್ಯದಲ್ಲೇ ಕೊಡಿ ಎಂದು ಹಟ ಹಿಡಿಯುವುದು, ಅಲ್ಲೇ ನಿಂತು ಒಂದೊಂದನ್ನೇ ತಿರುವಿ ನೋಡುವುದು. ಹಿಂದಿನವರು ಗೊಣಗಿದರೆ ಇನ್ನೊಂದು ಬನ್ನು ಕೊಂಡು ಮತ್ತೆ ಮೊದಲಿನಿಂದ. ಆ ವಾರ ನಮ್ಮ ಮನೆಯಲ್ಲಿ ಬೆಳಿಗ್ಗೆ ಬನ್ನು, ಮಧ್ಯಾಹ್ನ ಬನ್ನು. ಬೇಕರಿಯವರು ಕೊನೆಗೆ ಕೈಮುಗಿದರು: "ತಾಯೀ, ಗಲ್ಲಾಪೆಟ್ಟಿಗೆ ಹೊರಗಿಡ್ತೀನಿ, ನೀವೇ ನೋಡ್ಕೊಳ್ಳಿ. ಬನ್ನು ಬೇರೆಯವರಿಗೂ ಒಂದೆರಡು ಉಳೀಲಿ."

ಆಮೇಲೆ ನಡೆದದ್ದನ್ನು ನಾನು ನೋಡಿರದಿದ್ದರೆ ನಂಬುತ್ತಿರಲಿಲ್ಲ. ಹಕ್ಕಿ ಹುಡುಕಲು ಕೂತ ಅಕ್ಕನಿಗೆ ಒಂದು ಸಂಜೆ ಇಸವಿ ಎರಡೆರಡು ಸಲ ಬಿದ್ದ ನಾಣ್ಯ ಸಿಕ್ಕಿತು. ಅವಳು ಹಾಕಿದ ಕೂಗಿಗೆ ನಾನು ಮಹಡಿಯಿಂದ ಓಡಿ ಬಂದೆ. ನೋಡಿದರೆ ಇಬ್ಬರೂ ಮೇಜಿನ ಮೇಲೆ ಬಗ್ಗಿ ತಲೆಗೆ ತಲೆ ಗುದ್ದಿಸಿಕೊಂಡು ಜಗಳ.

"ಇದು ಡಬ್ಬಿಗೆ ಹೋಗ್ಬೇಕು."

"ನಿಮ್ಮ ಡಬ್ಬಿಗೆ ಯಾಕೆ? ನನಗೆ ಬೇರೆ ಡಬ್ಬಿ ಕೊಡಿ."

"ಹಕ್ಕಿ ಹಿಡಿಯೋರ ಹೆಂಡ್ತಿಗೆ ಪುಕ್ಕ ಸಿಕ್ತಲ್ಲ, ಸಾಕು."

"ಮಾತು ಸಾಕು. ಭೂತಗನ್ನಡಿ ಈ ಕಡೆ ತಳ್ಳಿ. ಬೆಳಕಿಗೆ ಅಡ್ಡ ಬರಬೇಡಿ, ಎಷ್ಟು ದಪ್ಪ ಆಗಿದ್ದೀರಿ!"

ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ನಾನು ಹೋಗಿ ಆರಿಸಿದೆ. ಇಬ್ಬರ ಕೈಯೂ ಇದ್ದಿಲು ಮಾರುವವರ ಕೈ. ಅಕ್ಕನ ಮೂಗಿನ ಮೇಲೊಂದು ಕಪ್ಪು ಬೊಟ್ಟು, ಅದನ್ನು ನೋಡಿ ಭಾವ ನಗುವುದು, ಯಾಕೆ ನಗುತ್ತೀರಿ ಎಂದು ಅಕ್ಕ ಅದೇ ಕೈಯಿಂದ ಅವರ ಕೆನ್ನೆಗೆ ಬಳಿಯುವುದು. ಈ ವಯಸ್ಸಿನಲ್ಲಿ! ಮದುವೆಯ ಹೊಸದರಲ್ಲೂ ಇವರಿಬ್ಬರೂ ಒಂದೇ ಮೇಜಿಗೆ ಇಷ್ಟು ಹೊತ್ತು ಕೂತದ್ದನ್ನು ನಾನು ಕಂಡಿಲ್ಲ. ನನ್ನನ್ನೂ ಎಳೆದು ಕೂರಿಸಿದರು. ನಾನು ಹೊಲಿಗೆ ಬಿಟ್ಟು ಹಕ್ಕಿ ನೋಡತೊಡಗಿದೆ. ನನಗೆ ಒಂದು ದಿನವೂ ಏನೂ ಸಿಗಲಿಲ್ಲ, ಆದರೂ ಏಳಲು ಮನಸ್ಸು ಬರುತ್ತಿರಲಿಲ್ಲ.

ಆದರೆ ಚೀಲ ಖಾಲಿಯಾದಾಗಲೆಲ್ಲ ಅಕ್ಕನ ಮುಖ ಬೇರೆಯಾಗುತ್ತಿತ್ತು. ಬಟ್ಟೆ ಕೊಡವುವಳು, ಕುರ್ಚಿಯ ಕೆಳಗೆ ಬಗ್ಗುವಳು. "ಇದರಲ್ಲೂ ಇಲ್ಲ" ಎನ್ನುವಳು. ಭಾವ "ಮುಂದಿನ ಶುಕ್ರವಾರ" ಎನ್ನುವರು. ಬೆಳಿಗ್ಗೆ ಮಾತ್ರ ಮೇಜು ಸುಮ್ಮನಿರುತ್ತಿತ್ತು.

ಒಂದು ದಿನ ಮಹಡಿ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತ ಅಕ್ಕ ಹೇಳಿದಳು: "ಬೈದಿದ್ರೆ ಮುಗೀತಿತ್ತು ಕಣೇ. ನಾನೂ ನಾಲ್ಕು ಅಂದು ಹಗುರ ಆಗ್ತಿದ್ದೆ. ಈ ಮನುಷ್ಯ ಬೈಲಿಲ್ಲ. ಈಗ ಅದನ್ನ ನಾನೇ ಹುಡುಕಬೇಕು. ಯಾರೋ ತಂದುಕೊಟ್ರೆ ಆಗಲ್ಲ. ನನ್ನ ಕೈಯಿಂದ ಹೋಗಿದ್ದು, ನನ್ನ ಕೈಯಿಂದಲೇ ಆ ಮೂಲೇಲಿ ಇಡಬೇಕು."

ನಾನೂ ಒಂದು ಹಿಡಿ ಬಟಾಣಿ ಎತ್ತಿಕೊಂಡು ಸುಲಿಯತೊಡಗಿದೆ. ಹೇಳುವವರಿಗೆ ಬೇಕಾದದ್ದು ಕಿವಿ, ಉತ್ತರ ಅಲ್ಲ. ಆದರೆ ಕೆಳಗೆ ಭಾವ ತಮ್ಮ ಅಂಗಿಯ ಗುಂಡಿ ಹುಡುಕುತ್ತ ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದರು. ನನ್ನನ್ನು ನೋಡಿ, ಬಾಯಿಯ ಮೇಲೆ ಬೆರಳಿಟ್ಟು, ಸದ್ದಿಲ್ಲದೆ ಹಿಂದಕ್ಕೆ ಹೋದರು. ಅವತ್ತು ನಾನು ಒಂದು ಕೆಲಸ ಮಾಡಿದೆ. ಇಂಥ ಚಿಕ್ಕಪುಟ್ಟದ್ದಕ್ಕೆಲ್ಲ ದೇವರನ್ನು ತೊಂದರೆಪಡಿಸುವವಳಲ್ಲ ನಾನು. ಅವತ್ತು ಒಂದು ಐದರ ನಾಣ್ಯ ಬೇಕೆಂದು ನಾಚಿಕೆ ಬಿಟ್ಟು ಕೇಳಿದೆ.

ಗುರುವಾರ ಆ ಕಟ್ಟಡದ ಮೇಲಿನ ಆಫೀಸಿಗೆ ನಾನು ಹೊಲಿದ ಪರದೆ ಕೊಡಬೇಕಿತ್ತು. ಕೊಟ್ಟು ಭಾವನ ಲಿಫ್ಟಿನಲ್ಲೇ ಇಳಿಯುತ್ತಿದ್ದೆ. ನೆಲಮಹಡಿಯಲ್ಲಿ ಜಾಲರಿ ತೆರೆಯುವಷ್ಟರಲ್ಲಿ ಬ್ಯಾಂಕಿನೊಳಗಿಂದ ಒಂದು ಕಿರುಚು. ಕ್ಯಾಷಿಯರ್ ಹುಡುಗಿ ಕುರ್ಚಿಯಿಂದ ಅರ್ಧ ಎದ್ದು, ಕನ್ನಡಕ ಮೂಗಿನ ತುದಿಗೆ ಬಂದು, "ಅಂಕಲ್! ಲಿಫ್ಟ್ ಬಿಟ್ಟು ಬನ್ನಿ! ಬಾಲ ಇಲ್ಲ! ಬಾಲ ಇಲ್ಲ!" ಎನ್ನುತ್ತಿದ್ದಳು. ಹಣ ಕಟ್ಟಲು ನಿಂತವರೆಲ್ಲ ತಂತಮ್ಮ ಬೆನ್ನ ಹಿಂದೆ ಒಮ್ಮೆ ನೋಡಿಕೊಂಡರು.

ಬೇಕರಿಯವರು ಕಟ್ಟಿದ ಚಿಲ್ಲರೆಯಲ್ಲಿ ಬಂದಿತ್ತು. ಅವಳು ಗಾಜಿನ ಕಿಂಡಿಯಿಂದ ಹೊರಗೆ ತಳ್ಳಿದಳು. ಅದೇ ಹಕ್ಕಿ. ಅಂಚಿಗೆ ಜಾರಿ, ಅರ್ಧ ಬಾಲ ಕಳೆದುಕೊಂಡು, ಊರೆಲ್ಲ ಸುತ್ತಿ ಬಂದು, ಮೊದಲಿಗಿಂತ ಸ್ವಲ್ಪ ಕೊಳೆಯಾಗಿತ್ತು.

ಭಾವನ ಮುಖ ನೋಡಬೇಕಿತ್ತು. ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಆಮೇಲೆ ಎರಡು ಬೆರಳಲ್ಲಿ ಎತ್ತಿ, ಕೌಂಟರಿನ ಕಲ್ಲಿನ ಮೇಲೆ ಚಕ್ಕನೆ ತಿರುವಿಬಿಟ್ಟರು. ಸುತ್ತಿತು, ತೂರಾಡಿತು. ಸಾಲಿನಲ್ಲಿದ್ದವರೆಲ್ಲ ಬಗ್ಗಿದರು. ಜವಾನ ಚಹಾದ ತಟ್ಟೆ ಹಿಡಿದುಕೊಂಡು ನಿಂತ. ಗಡಗಡ ನಡುಗಿ ಮಲಗಿತು. ಯಾರೋ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೇಲಿನ ಮಹಡಿಯವರು ಲಿಫ್ಟಿಗಾಗಿ ಗಂಟೆ ಒತ್ತಲು ಶುರುಮಾಡಿದ್ದರು.

"ತಗೊಳ್ಳಿ ಅಂಕಲ್, ಮನೆಗೆ ತಗೊಂಡು ಹೋಗಿ" ಎಂದಳು ಹುಡುಗಿ. "ಬದಲಿಗೆ ನಾನೇ ನನ್ನ ಪರ್ಸಿಂದ ಒಂದು ಐದು ಹಾಕಿದ್ದೀನಿ."

ಭಾವ ಒಂದು ಬೆರಳಿನಿಂದ ನಾಣ್ಯವನ್ನು ಮೆಲ್ಲಗೆ ಕಿಂಡಿಯ ಒಳಕ್ಕೆ ತಳ್ಳಿದರು.

"ಬೇಡಮ್ಮ. ನಿನ್ನ ಐದು ನೀನು ವಾಪಸ್ ತಗೋ. ಇದನ್ನ ನಾಳೆ ನಮ್ಮ ಮನೆಯವಳು ತಗೊಂಡು ಹೋಗೋ ಚೀಲಕ್ಕೆ ಹಾಕು."

"ಅಯ್ಯೋ! ಅವರಿಗೆ ಕಾಣಿಸ್ದೇ ಹೋದ್ರೆ?"

"ಅವಳಿಗಾ?" ಭಾವ ಇಡೀ ಬ್ಯಾಂಕಿಗೆ ಕೇಳುವ ಹಾಗೆ ನಕ್ಕರು. "ಆದ್ರೆ ಮೇಲುಗಡೆ ಹಾಕ್ಬೇಡ, ಅನುಮಾನ ಬರತ್ತೆ. ನಡುವೆ ಎಲ್ಲಾದ್ರೂ ಹಾಕು. ತುಂಬ ಕೆಳಗೂ ಬೇಡ, ಪಾಪ, ಬೆನ್ನು ನೋಯತ್ತೆ."

ಮೇಲೆ ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಹುಡುಗಿಗೆ ಸಮಾಧಾನವಾಗಲಿಲ್ಲ. "ಹೋಗ್ಲಿ, ಇವತ್ತು ಒಂದು ದಿನ ನಿಮ್ಮ ಜೇಬಲ್ಲೇ ಇರಲಿ. ಎಷ್ಟು ದಿನ ಆಯ್ತು ನೋಡಿ! ಬೆಳಿಗ್ಗೆ ಬರೋವಾಗ ಕೊಡಿ, ನಾನೇ ಚೀಲಕ್ಕೆ ಹಾಕ್ತೀನಿ."

ಭಾವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ ಬೇಡ. ನನ್ನ ಮುಖ ನನ್ನ ಮಾತು ಕೇಳಲ್ಲ. ಜೇಬಲ್ಲಿದ್ರೆ ಅವಳಿಗೆ ಬಾಗಿಲಲ್ಲೇ ಗೊತ್ತಾಗಿಬಿಡತ್ತೆ."