ಎರಡನೇ ಪೆಟ್ಟು

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಹಳೆಯ ಪಿಸ್ಟನ್ ಇದೆ. ಮರದ ಹಲಗೆಯ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿದ್ದು. ಹಲಗೆಗೆ ಹೊಡೆದ ತಗಡಿನ ಮೇಲೆ ಎರಡು ಎಂಬ ಅಂಕಿ ಇದೆ. ಮನೆಗೆ ಬಂದವರು ಅದನ್ನು ಕೈಯಲ್ಲಿ ಹಿಡಿದು, "ಓ, ಸೆಕೆಂಡ್ ಪ್ರೈಜಾ?" ಎಂದು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಚಹಾ ಕುಡಿದು ಹೋಗುವವರ ಹತ್ತಿರ ಜಗಳ ಮಾಡಬಾರದೆಂದು ಸುಮ್ಮನಿರುತ್ತೇನೆ. ಆ ಮೊದಲನೇ ಪ್ರೈಜು ಹೇಗೆ ಕೈತಪ್ಪಿತು ಎಂಬುದು ತಿಳಿದರೆ ಅವರು ಹಾಗೆ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಸೌದಿಗೆ ಹೋಗುವ ಮೊದಲಿನ ಒಂದು ಸಂಗತಿಯಿಂದ ಶುರು ಮಾಡಬೇಕು. ನನ್ನ ಅಕ್ಕನ ಗಂಡ, ಅಂದರೆ ಭಾವ, ಮಂಗಳೂರು–ಕುಂದಾಪುರ ಲೈನಿನ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್. ನಾನು ಅದೇ ಬಸ್ಸಿನ ಹಿಂಬಾಗಿಲಿನ ಕಂಡಕ್ಟರ್. ಸೀಟಿ ಇದ್ದದ್ದು ಮುಂಬಾಗಿಲಿನವನ ಹತ್ತಿರ. ಹಿಂಬಾಗಿಲಿನವನಿಗೆ ಅಂಗೈಯೇ ಸೀಟಿ. ಬಸ್ಸಿನ ತಗಡಿಗೆ ಒಂದು ಪೆಟ್ಟು ಬಿದ್ದರೆ ನಿಲ್ಲಬೇಕು, ಎರಡು ಬಿದ್ದರೆ ಹೊರಡಬೇಕು. ಹೊರಡಲು ಹೇಳುವುದಕ್ಕೆ ನಾವು 'ರೈಟ್ ಕೊಡುವುದು' ಎನ್ನುತ್ತಿದ್ದೆವು. ಡ್ರೈವರಿಗೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಆ ಎರಡು ಪೆಟ್ಟಿನ ಮೇಲೆ ನಂಬಿಕೆಯಿಟ್ಟು ಅವನು ಗೇರು ಹಾಕುತ್ತಾನೆ.

ಒಂದು ದಿನ ಹಿಂದಿನಿಂದ ಬೇರೆ ಕಂಪೆನಿಯ ಬಸ್ಸು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಮುಂದಿನ ಸ್ಟಾಪಿನ ಜನ ನಮಗೇ ಸಿಗಬೇಕೆಂಬ ಆತುರದಲ್ಲಿ ನಾನು ನೋಡದೆ ಧಡಧಡನೆ ಎರಡು ಬಡಿದೆ. ಮೀನು ಮಾರುವ ಮುದುಕಿಯೊಬ್ಬಳ ಕಾಲು ಇನ್ನೂ ಕೊನೆಯ ಮೆಟ್ಟಿಲ ಮೇಲಿತ್ತು. ಬಸ್ಸು ಹೊರಟಿತು, ಆಕೆ ಬಿದ್ದಳು, ಬಲಗೈ ಮುರಿಯಿತು. ಸಂಜೆ ಬಸ್ಸಿನ ಧಣಿ ಇಬ್ಬರನ್ನೂ ಆಫೀಸಿನಲ್ಲಿ ನಿಲ್ಲಿಸಿ, "ಇವ ರೈಟ್ ಕೊಟ್ಟದ್ದಾ?" ಎಂದು ಭಾವನನ್ನು ಕೇಳಿದರು.

"ಇಲ್ಲ ಧಣಿ, ಅವ ಕೊಡ್ಲಿಲ್ಲ. ನಾನೇ ಗಡಿಬಿಡಿಯಲ್ಲಿ ಬಿಟ್ಟದ್ದು" ಎಂದರು ಭಾವ.

ನಾನು ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಮನೆಯಲ್ಲಿ ಹೆತ್ತ ಉಮ್ಮ, ಇಬ್ಬರು ತಂಗಿಯರು. ಅದು ಭಾವನಿಗೆ ಗೊತ್ತಿತ್ತು. ನನಗೆ ಬಾಯಿ ಇತ್ತು, ತೆರೆಯಲಿಲ್ಲ. "ಇನ್ನು ನಿನ್ನ ಕೈಗೆ ನಾನು ಸ್ಟೇರಿಂಗ್ ಕೊಡುದಿಲ್ಲ" ಎಂದು ಧಣಿ ಹೇಳುವಾಗಲೂ ನಾನು ನೆಲ ನೋಡುತ್ತ ನಿಂತಿದ್ದೆ. ಆ ಲೈನಿನ ಬೇರೆ ಧಣಿಗಳ ಕಿವಿಗೂ ಸುದ್ದಿ ಬಿದ್ದು ಭಾವನಿಗೆ ಎಲ್ಲಿಯೂ ಬಸ್ಸು ಸಿಗಲಿಲ್ಲ. ಅವರು ಸೌದಿಗೆ ನೀರಿನ ಟ್ಯಾಂಕರ್ ಬಿಡಲು ಹೋದರು. ಎರಡು ವರ್ಷ ಕಳೆದು ನನಗೂ ವೀಸಾ ಕಳಿಸಿಕೊಟ್ಟರು. ಆ ಮುದುಕಿಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮ್ಮ ಕ್ಯಾಂಪು ಇದ್ದದ್ದು ಎಣ್ಣೆಯ ಬಂದರು ರಾಸ್ ತನೂರಾದಿಂದ ಸ್ವಲ್ಪ ಈಚೆ. ಎಂಬತ್ತರ ದಶಕದ ನಡುವಿನ ವರ್ಷಗಳು. ಮೊದಲ ವರ್ಷ ನಾನು ಭಾವನ ಟ್ಯಾಂಕರಿನಲ್ಲೇ ಹೆಲ್ಪರ್. ನೀರು ತುಂಬಿಸುವಲ್ಲಿ ಟ್ಯಾಂಕರ್ ಹಿಂದೆ ತೆಗೆಯುವಾಗ ತಗಡು ಬಡಿದು ಹೇಳುವವನು ನಾನೇ. ಆಮೇಲೆ ನನ್ನನ್ನು ಕಂಪೆನಿಯ ವರ್ಕ್‌ಶಾಪಿನ ಟಯರ್ ಶೆಡ್ಡಿಗೆ ಹಾಕಿದರು.

ವರ್ಕ್‌ಶಾಪಿನ ಫೋರ್ಮನ್ ಅಮೆರಿಕದವನು. ಆರಡಿ ಆಳು, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಅವನ ಆಫೀಸಿನ ಗೋಡೆಯ ಮೇಲೆ ಅವನ ಊರಿನ ಕಾರ್ ರೇಸಿನ ಸೂಪರ್ ಸ್ಪೀಡ್‌ವೇಯ ದೊಡ್ಡ ಫೋಟೋ ಇತ್ತು. ಮೈಲಿಗಟ್ಟಲೆ ಸುತ್ತಳತೆಯ ಮೊಟ್ಟೆಯಾಕಾರದ ರಸ್ತೆ, ತಿರುವುಗಳಲ್ಲಿ ರಸ್ತೆಯೇ ಓರೆಯಾಗಿ ಮೇಲಕ್ಕೆದ್ದಿದೆ. ಅಲ್ಲಿ ಓಡುವುದು ಸ್ಟಾಕ್ ಕಾರುಗಳಂತೆ. ಅಂದರೆ ರೇಸಿಗೆಂದೇ ಹುಟ್ಟಿದ ಕಾರುಗಳಲ್ಲ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋಗುವಂಥ ಕಾರುಗಳನ್ನೇ ಬಿಚ್ಚಿ, ಬಿಗಿದು, ಓಡಿಸುವುದು. ಊರಿನ ನೆನಪು ಕಾಡಿದಾಗ ನಾವು ಮೀನು ಸಾರು ಮಾಡುತ್ತಿದ್ದೆವು. ಅವನು ಸೂಪರ್ ಸ್ಪೀಡ್‌ವೇಯನ್ನೇ ಮಾಡಿಬಿಟ್ಟ.

ಕ್ಯಾಂಪಿನ ಹಿಂದೆ ಸಬ್ಖಾ ಇತ್ತು. ಉಪ್ಪು ಕಟ್ಟಿ ಗಟ್ಟಿಯಾದ ಬಯಲು. ಅಲ್ಲಿ ನೆಲ ಮಟ್ಟ ಮಾಡುವ ಗ್ರೇಡರ್ ಹೊಡೆಸಿ, ತಿರುವುಗಳಲ್ಲಿ ಮಣ್ಣು ಏರಿಸಿ, ಮರಳು ತುಂಬಿದ ಡ್ರಮ್ಮುಗಳನ್ನು ಸುತ್ತ ನಿಲ್ಲಿಸಿದರು. ಗುಜರಿಗೆ ಬಿದ್ದ ಎಂಟು ಸಿಲಿಂಡರಿನ ಕಾರುಗಳ ಗಾಜು ತೆಗೆದು, ಬಾಗಿಲು ವೆಲ್ಡ್ ಮಾಡಿ, ಒಳಗೆ ಪೈಪಿನ ಪಂಜರ ಕಟ್ಟಿದರು. ಒಂದೊಂದು ವಿಭಾಗಕ್ಕೆ ಒಂದೊಂದು ಕಾರು. ಚಳಿಗಾಲದ ಒಂದು ಶುಕ್ರವಾರ ರೇಸು. ಮೊದಲ ಎರಡು ವರ್ಷವೂ ಗೆದ್ದದ್ದು ಡ್ರಾಯಿಂಗ್ ಆಫೀಸಿನ ಇಂಗ್ಲಿಷ್ ಇಂಜಿನಿಯರ್. ನಮ್ಮ ವರ್ಕ್‌ಶಾಪಿನ ಕಾರನ್ನು ಫೋರ್ಮನ್ನೇ ಓಡಿಸಿ ಎರಡು ಸಲವೂ ಸೋತಿದ್ದ.

ಮೂರನೇ ವರ್ಷ ರೇಸಿಗೆ ಎರಡು ದಿನ ಇರುವಾಗ ಅವನ ಸೊಂಟ ಹಿಡಿದುಕೊಂಡಿತು. ಬಾಗಿಲು ವೆಲ್ಡ್ ಮಾಡಿದ ಕಾರಿಗೆ ಕಿಟಕಿಯಿಂದ ನುಗ್ಗಬೇಕು, ಅವನಿಗೆ ಬಗ್ಗಲೂ ಆಗುತ್ತಿರಲಿಲ್ಲ. ಯಾರಾದರೂ ಓಡಿಸುತ್ತೀರಾ ಎಂದು ಕೇಳಿದ. ನಾನು ಕೈ ಎತ್ತಿ, ನನ್ನ ಭಾವ ಓಡಿಸುತ್ತಾರೆ, ಊರಿನಲ್ಲಿ ಎಕ್ಸ್‌ಪ್ರೆಸ್ ಬಸ್ ಬಿಟ್ಟವರು ಎಂದೆ. "ಬಸ್?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಸೊಂಟ ಚುಚ್ಚಿ ಅರ್ಧಕ್ಕೇ ನಿಲ್ಲಿಸಿದ.

ಭಾವನಿಗೆ ಹೇಳಿದಾಗ ಅವರು ನನಗೇ ಬೈದರು. "ಎಂತ ಮಾರಾಯ, ನಿಂಗೆ ತಲೆ ಸರಿ ಉಂಟಾ?" ಆದರೆ ಸ್ವಲ್ಪ ಹೊತ್ತು ಕಳೆದು ಅವರೇ ಬಂದು ಕಾರಿನ ಸ್ಟೇರಿಂಗ್ ಮುಟ್ಟಿ ನೋಡಿದರು. "ಗೆದ್ರೆ ಒಂದು ಫೋಟೋ ತೆಗೆಸ್ಬೇಕು. ಧಣಿಗೆ ಕಳಿಸ್ಲಿಕ್ಕೆ" ಎಂದರು. ಇಷ್ಟು ವರ್ಷದಲ್ಲಿ ಧಣಿಯ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

ಫೋರ್ಮನ್ ಅವರಿಂದ ಮೂರು ಸುತ್ತು ಓಡಿಸಿ ನೋಡಿದ. ಕೈಗಡಿಯಾರ ನೋಡಿದ ಮೇಲೆ ಅವನು ನಗಲಿಲ್ಲ. ಅವನಿಗೆ ಒಂದು ವಿಷಯ ಹೊಳೆದಿರಲಿಲ್ಲ. ಧೂಳು ಏಳದಂತೆ ಆ ರೇಸಿನ ದಾರಿಗೆ ನೀರು ಚಿಮುಕಿಸುತ್ತಿದ್ದದ್ದು ಭಾವನ ಟ್ಯಾಂಕರೇ. ಎಲ್ಲಿ ನೆಲ ಗಟ್ಟಿ, ಎಲ್ಲಿ ಟಯರ್ ಹೂಳುತ್ತದೆ ಎಂದು ಅವರಷ್ಟು ತಿಳಿದವರು ಆ ಕ್ಯಾಂಪಿನಲ್ಲಿ ಬೇರೆ ಇರಲಿಲ್ಲ.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜನ್ನು ಅಲ್ಲೇ ಮುಗಿಸಿದ ಕೂಡಲೇ ರೇಸು ಶುರುವಾಯಿತು. ಸೂರ್ಯ ಮುಳುಗುವಾಗಿನ ಮಗ್ರಿಬ್ ಬಾಂಗಿನ ಮೊದಲು ಮುಗಿಯಬೇಕು. ನಲವತ್ತು ಸುತ್ತು. ನಡುವೆ ಒಂದು ಸಲ ನಿಲ್ಲಿಸಿ ಬಲಬದಿಯ ಎರಡು ಟಯರ್ ಬದಲಾಯಿಸಲೇಬೇಕು. ಕಾರುಗಳು ಯಾವಾಗಲೂ ಎಡಕ್ಕೇ ತಿರುಗುವುದರಿಂದ ಭಾರವೆಲ್ಲ ಬಲಗಡೆಯ ಟಯರಿನ ಮೇಲೆ. ಆ ಕೆಲಸಕ್ಕೆ ನಾವು ಮೂವರು. ನಟ್ ಬಿಗಿಯಲು ನಾನು, ಜಾಕಿಗೆ ಒಬ್ಬ ಪಠಾಣ, ತಗಡು ನೆಗ್ಗಿದರೆ ಎತ್ತಲು ಒಬ್ಬ ಮಲಯಾಳಿ ಟಿಂಕರ್. ಆ ದೇಶದ ಕಾರುಗಳಲ್ಲಿ ಸ್ಟೇರಿಂಗ್ ಎಡಗಡೆ. ಪಂಜರದೊಳಗೆ, ತಲೆಗೆ ಹೆಲ್ಮೆಟ್ ಹಾಕಿ ಕೂತ ಭಾವನಿಗೆ ಬಲಗಡೆ ನಾವು ಮಾಡುವುದು ಕಾಣುವುದಿಲ್ಲ. ಅದಕ್ಕೆ ಕಾರಿಗೆ ನುಗ್ಗುವ ಮೊದಲು ಅವರು ಹೇಳಿದ್ದು ಇಷ್ಟೇ: "ನೀನು ರೈಟ್ ಕೊಡು. ನಾನು ಬಿಡ್ತೇನೆ."

ನಮ್ಮ ಭಾವ ಓಡಿಸಿದ ಚಂದವನ್ನು ಏನೆಂದು ಹೇಳಲಿ! ಬಾಕಿಯವರು ತಿರುವಿನಲ್ಲಿ ಬ್ರೇಕ್ ಒತ್ತಿ ಧೂಳೆಬ್ಬಿಸುತ್ತಿದ್ದರು. ಇವರು ಬ್ರೇಕ್ ಮುಟ್ಟದೆ, ತಾವೇ ನೀರು ಹಾಕಿ ಗಟ್ಟಿ ಮಾಡಿದ ಮೇಲಿನ ಅಂಚು ಹಿಡಿದು ಹೊರಗಿನಿಂದ ದಾಟಿ ಹೋಗುತ್ತಿದ್ದರು. ಇಪ್ಪತ್ತು ಸುತ್ತಾಗುವಾಗ ಅವರ ಮುಂದೆ ಇದ್ದದ್ದು ಆ ಇಂಗ್ಲಿಷ್ ಇಂಜಿನಿಯರ್ ಒಬ್ಬನೇ. ಕ್ಯಾಂಪಿನ ನಮ್ಮವರೆಲ್ಲ ಟ್ರಕ್ಕುಗಳ ಮೇಲೆ ಹತ್ತಿ ಕೂಗುತ್ತಿದ್ದರು. ಊಟದ ಸಾಲಿನಲ್ಲಿ ಎಂದೂ ನಮ್ಮ ಮುಖ ನೋಡದವರೂ "ಯಲ್ಲಾ, ಯಲ್ಲಾ" ಎನ್ನುತ್ತಿದ್ದರು. ನನಗೆ ಎದೆ ಹಿಗ್ಗಿ ಅಂಗಿಯ ಗುಂಡಿ ಕಿತ್ತುಹೋಗುತ್ತದೋ ಎನಿಸಿತು.

ಇಪ್ಪತ್ತೆಂಟನೆಯ ಸುತ್ತಿನಲ್ಲಿ ಒಂದು ಕಾರು ಜಾರಿ ಬಂದು ನಮ್ಮ ಹಿಂದಿನ ಬಲ ಮೂಲೆಗೆ ಗುದ್ದಿತು. ಮಡ್‌ಗಾರ್ಡ್ ಮಡಚಿ ಟಯರಿಗೆ ತಾಗಿ ಹೊಗೆ ಬರತೊಡಗಿತು. ಭಾವ ಹೇಗೂ ಟಯರ್ ಬದಲಿಸಬೇಕಿತ್ತು, ಒಳಗೆ ಬಂದರು. ಇಂಜಿನಿಯರನ ಕಾರೂ ಆಗಲೇ ಬಂದು ಪಕ್ಕದಲ್ಲಿ ನಿಂತಿತು. ಇನ್ನು ಯಾರು ಮೊದಲು ಹೊರಡುತ್ತಾರೋ ಅವರದೇ ಆಟ ಎಂಬುದು ಎಲ್ಲರಿಗೂ ಗೊತ್ತಾಯಿತು.

ಪಠಾಣ ಜಾಕಿ ಎತ್ತಿದ. ಮುಂದಿನ ಟಯರ್ ಹಾಕಿ ಬಿಗಿದೆ. ಹಿಂದಿನದನ್ನು ಕೂರಿಸಿ ಎರಡು ನಟ್ ಬೆರಳಲ್ಲಿ ತಿರುವಿದ್ದೆ ಅಷ್ಟೇ. ಉಳಿದ ನಟ್ ಹಿಡಿದ ನನ್ನ ಕೈ ಚಕ್ರದ ಒಳಗಿತ್ತು. ಆಗ ಟಿಂಕರ್, ಮಡಚಿದ ತಗಡನ್ನು ಟಯರಿನಿಂದ ಬಿಡಿಸಲು ಸುತ್ತಿಗೆ ಎತ್ತಿ ಹೊಡೆದ.

ಧಡ್. ಧಡ್.

ಎರಡೇ ಪೆಟ್ಟು.

ಹತ್ತು ವರ್ಷ ಎರಡು ಪೆಟ್ಟಿಗೆ ಕ್ಲಚ್ ಬಿಟ್ಟ ಕಾಲು ಅದು. ಈಗ ಬಿಟ್ಟರೆ ಚಕ್ರ ಕಳಚುತ್ತದೆ, ಅದರೊಟ್ಟಿಗೆ ನನ್ನ ಕೈಯೂ ಹೋಗುತ್ತದೆ. ಕೂಗಿದರೂ ಆ ಇಂಜಿನ್ ಸದ್ದಿನಲ್ಲಿ ಅವರಿಗೆ ಕೇಳಿಸುವಂತಿರಲಿಲ್ಲ. ಅತ್ತ ಎಡಗಡೆ ನಿಂತಿದ್ದ ಫೋರ್ಮನ್, ಆ ಸದ್ದು ಕೇಳಿ ಕೆಲಸ ಮುಗಿಯಿತೆಂದೇ ತಿಳಿದು, ಭಾವನ ಮುಖದೆದುರೇ ಎರಡೂ ಕೈ ಬೀಸಿ "ಗೋ! ಗೋ!" ಎಂದು ಕಿರುಚತೊಡಗಿದ. ಪಕ್ಕದಲ್ಲಿ ಇಂಜಿನಿಯರನ ಕಾರು ಗರ್ಜಿಸಿ ಹೊರಟೇಬಿಟ್ಟಿತು. ಟ್ರಕ್ಕುಗಳ ಮೇಲಿನವರೆಲ್ಲ ಹೋಗು, ಹೋಗು ಎಂದು ಬೊಬ್ಬೆ ಹೊಡೆದರು.

ನಮ್ಮ ಕಾರು ಕದಲಲಿಲ್ಲ. ಇಂಜಿನ್ ಕೂಗುತ್ತಿತ್ತು, ಕಾರು ನಿಂತಿತ್ತು.

ನಾನು ಉಳಿದ ನಟ್ ಹಾಕಿದೆ, ಎಲ್ಲವನ್ನೂ ಬಿಗಿದೆ, ಜಾಕಿ ಇಳಿಯಿತು. ಅಂಗೈಯಿಂದ ತಗಡಿಗೆ ಒಂದು ಬಡಿದೆ. ಪಠಾಣ ಸರಿದನೇ, ಟಿಂಕರ್ ಸರಿದನೇ ಎಂದು ನೋಡಿದೆ. ಮತ್ತೊಂದು ಬಡಿದೆ. ಭಾವ ಬಾಣದಂತೆ ಹೋದರು.

ಇಂಜಿನಿಯರ್ ಅರ್ಧ ಸುತ್ತು ಮುಂದಿದ್ದ. ಉಳಿದ ಹನ್ನೆರಡು ಸುತ್ತಿನಲ್ಲಿ ಭಾವ ಅದನ್ನೆಲ್ಲ ತಿಂದುಕೊಂಡು ಬಂದರು. ಕೊನೆಯ ತಿರುವಿನಲ್ಲಿ ಎರಡೂ ಕಾರು ಪಕ್ಕಪಕ್ಕದಲ್ಲಿದ್ದವು. ಗೆರೆ ದಾಟುವಾಗ ಅವನದು ಅರ್ಧ ಬಾನೆಟ್ ಮುಂದಿತ್ತು. ಅರ್ಧ ಬಾನೆಟ್!

ಭಾವ ಕಿಟಕಿಯಿಂದ ಇಳಿಯುವ ಮೊದಲೇ ಫೋರ್ಮನ್ ಕುಂಟುತ್ತ ಬಂದು ಹಾರಾಡಿದ. ತಾನು ಹೋಗು ಎಂದರೂ ಯಾಕೆ ಹೋಗಲಿಲ್ಲ, ಗೆದ್ದ ರೇಸನ್ನು ಯಾಕೆ ಕಳೆದೆ ಎಂದು ಕೇಳಿದ. ಭಾವ ಹೆಲ್ಮೆಟ್ ತೆಗೆದು ನನ್ನ ಕಡೆ ಕೈ ತೋರಿಸಿದರು.

"ಸರ್, ಕಂಡಕ್ಟರ್ ನೋ ರೈಟ್. ನೋ ರೈಟ್, ನೋ ಗೋ."

ಫೋರ್ಮನ್ನಿಗೆ ಅರ್ಥವಾಗಲಿಲ್ಲ. ಪಠಾಣ ತನ್ನ ಮುರುಕು ಇಂಗ್ಲಿಷಿನಲ್ಲಿ ಚಕ್ರ, ನಟ್, ನನ್ನ ಕೈ ಎಲ್ಲವನ್ನೂ ತೋರಿಸಿ ವಿವರಿಸಿದ. ಫೋರ್ಮನ್ ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದ, ಟೊಪ್ಪಿ ತೆಗೆದ. ಬಹುಮಾನ ಕೊಡುವಾಗ, ಒತ್ತಿದ ಕೂಡಲೇ ಚಿತ್ರ ಹೊರಬರುವ ತನ್ನ ಕ್ಯಾಮೆರಾದಿಂದ ನಮ್ಮಿಬ್ಬರ ಫೋಟೋ ತಾನೇ ತೆಗೆದು ಕೊಟ್ಟ. ಆ ಪಿಸ್ಟನ್ನನ್ನು ಭಾವ ನನ್ನ ಕೈಗೆ ಕೊಟ್ಟರು, ವಾಪಸು ತೆಗೆದುಕೊಳ್ಳಲೇ ಇಲ್ಲ.

ಕ್ಯಾಂಪಿಗೆ ನಡೆಯುವಾಗ ನಾನು ತಡೆಯಲಾರದೆ ಕೇಳಿದೆ. "ಭಾವ, ಎರಡು ಪೆಟ್ಟು ಬಿತ್ತಲ್ಲ. ನೀವು ಯಾಕೆ ಬಿಡ್ಲಿಲ್ಲ?"

"ಅದು ನಿನ್ನದಲ್ಲ ಮಾರಾಯ."

"ಅಷ್ಟು ಗಲಾಟೆಯಲ್ಲಿ ಹೇಗೆ ಗೊತ್ತಾಯ್ತು?"

"ನಿನ್ನ ಎರಡನೇ ಪೆಟ್ಟು ತಡವಾಗಿ ಬೀಳ್ತದೆ" ಎಂದರು ಭಾವ. "ಒಂದು ಹೊಡೀತಿ, ನೋಡ್ತಿ, ಮತ್ತೆ ಇನ್ನೊಂದು ಹೊಡೀತಿ. ಟ್ಯಾಂಕರಿನಲ್ಲಿ ಇರುವಾಗ್ಲೇ ನೋಡಿದ್ದೇನೆ. ಮೊದಲು ಹಾಗೆ ಇರ್ಲಿಲ್ಲ. ಆ ಮುದುಕಿ ಬಿದ್ದ ಮೇಲೆ ಹಾಗೆ."

ನನಗೇ ಅದು ಗೊತ್ತಿರಲಿಲ್ಲ. ನಾನು ದಾರಿಯಲ್ಲೇ ನಿಂತು ಅತ್ತುಬಿಟ್ಟೆ. ಅವರು ಕಾಯುತ್ತ ನಿಂತರು.

ಮರುದಿನ ನಾನು ಧಣಿಗೆ ಕಾಗದ ಬರೆದೆ. ಆ ದಿನ ರೈಟ್ ಕೊಟ್ಟವನು ನಾನು, ಭಾವ ನನಗಾಗಿ ಸುಳ್ಳು ಹೇಳಿದರು, ನೀವು ಸ್ಟೇರಿಂಗ್ ಕೊಡುವುದಿಲ್ಲ ಎಂದ ಕೈಯನ್ನು ನಿನ್ನೆ ಒಂದು ಕ್ಯಾಂಪೇ ಎದ್ದು ನಿಂತು ನೋಡಿತು ಎಂದು ಬರೆದೆ. ಫೋಟೋವನ್ನು ಅದರೊಳಗಿಟ್ಟೆ. ಭಾವನಿಗೆ ಹೇಳಲಿಲ್ಲ, ಫೋಟೋ ಎಲ್ಲೋ ಕಳೆದುಹೋಯಿತು ಎಂದೆ. ಉತ್ತರ ಬರಲಿಲ್ಲ.

ಮುಂದಿನ ವರ್ಷ ರಜೆಯಲ್ಲಿ ಇಬ್ಬರೂ ಊರಿಗೆ ಬಂದೆವು. ಕುಂದಾಪುರಕ್ಕೆ ಹೋಗಲು ಸ್ಟ್ಯಾಂಡಿಗೆ ಬಂದಾಗ, ನಮ್ಮ ಹಳೆಯ ಬಸ್ ಕಂಪೆನಿಯ ಆಫೀಸಿನಲ್ಲಿ, ಬಸ್ಸು ಹೊರಡುವ ಸಮಯ ಬರೆದ ಬೋರ್ಡಿನ ಪಕ್ಕದಲ್ಲಿ, ಗಾಜಿನ ಚೌಕಟ್ಟಿನೊಳಗೆ ಆ ಫೋಟೋ ಕಂಡಿತು. ಕೆಳಗೆ ಧಣಿಯ ಕೈಬರಹದಲ್ಲಿ 'ನಮ್ಮ ಡ್ರೈವರ್' ಎಂದಿತ್ತು.

ಭಾವ ತುಂಬ ಹೊತ್ತು ಅದರ ಮುಂದೆ ನಿಂತರು. "ಧಣಿಗೆ ಎಂತ ಬರ್ದೆ ನೀನು?" ಎಂದರು.

"ಇದ್ದದ್ದನ್ನೇ ಬರ್ದೆ."

ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಆಗ ಹೊರಗೆ ಒಂದು ಬಸ್ಸು ಹೊರಡುತ್ತಿತ್ತು. ಹಿಂಬಾಗಿಲಿನ ಹುಡುಗ ನೇತಾಡುತ್ತ, ಬೇರೆಲ್ಲೋ ನೋಡುತ್ತ, ಧಡಧಡನೆ ಎರಡು ಬಡಿದ.

"ಹೋಗಿ ಅವನಿಗೆ ಕಲಿಸು ಮಾರಾಯ" ಎಂದರು ಭಾವ. "ನಿನ್ನಷ್ಟು ಚಂದ ರೈಟ್ ಕೊಡುವವ ಈ ಲೈನಿನಲ್ಲಿ ಇಲ್ಲ."