ಅಪ್ಪನನ್ನು ಕೊಟ್ಟುಬಂದ ವರ್ಷ

ಯುದ್ಧಕಾಲದ ಕಾದಂಬರಿಗಳ ಹುಚ್ಚು ನನಗೆ ಹತ್ತಿದ್ದು ಕೆಲಸದಿಂದ ನಿವೃತ್ತಳಾದ ಮೇಲೆ. ಹಾಸನದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಷ್ಟು ಕಾಲ ಪಠ್ಯಪುಸ್ತಕ ಬಿಟ್ಟು ಬೇರೆ ಓದಲು ಪುರುಸೊತ್ತಿರಲಿಲ್ಲ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ರಾಜರ, ದಂಡನಾಯಕರ ಕತೆಗಳು ನನಗೆ ಬೇಡ. ಗಂಡಸರು ಯುದ್ಧಕ್ಕೆ ಹೋದ ಮೇಲೆ ಊರಲ್ಲಿ ಉಳಿದವರು ಏನು ಬೇಯಿಸಿಕೊಂಡರು, ಮಕ್ಕಳಿಗೆ ಏನು ಸುಳ್ಳು ಹೇಳಿ ಮಲಗಿಸಿದರು ಎಂದು ಹೇಳುವ ಪುಸ್ತಕಗಳು ಬೇಕು. ಓದುತ್ತ ಓದುತ್ತ ನಮ್ಮ ಕಡೆಯದೂ ಒಂದನ್ನು ಬರೆಯಬೇಕೆಂಬ ಆಸೆ ಹುಟ್ಟಿತು. ಆದರೆ ನಮ್ಮ ಕಡೆ ಬಾಂಬು ಬಿದ್ದಿರಲಿಲ್ಲ, ಊರು ಸುಟ್ಟಿರಲಿಲ್ಲ. ಏನನ್ನು ಬರೆಯುವುದು?

ಆ ಹೊತ್ತಿಗೇ ದೊಡ್ಡತ್ತೆ ನಮ್ಮ ಮನೆಗೆ ಬಂದಳು. ನಮ್ಮಪ್ಪನ ಹಿರಿಯಕ್ಕ. ತೊಂಬತ್ತು ದಾಟಿದ್ದಾಳೆ. ಬಾಗೂರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಇರುವವಳು. ಕಣ್ಣಿನ ಪೊರೆ ತೆಗೆಸಲು ಹಾಸನಕ್ಕೆ ಕರೆತಂದಿದ್ದರು. ಒಂದು ಕಣ್ಣು ಮುಗಿಸಿ, ಅದು ಮಾಗಿದ ಮೇಲೆ ಇನ್ನೊಂದು ಎಂದು ಡಾಕ್ಟರು ಹೇಳಿದ್ದರಿಂದ ನಮ್ಮಲ್ಲೇ ಉಳಿದಳು. ಟೀವಿ ನೋಡುವಂತಿಲ್ಲ, ಒಲೆ ಮುಂದೆ ಹೋಗುವಂತಿಲ್ಲ, ತಲೆ ಬಗ್ಗಿಸುವಂತಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಹಜಾರದ ಕುರ್ಚಿಯಲ್ಲಿ ಕೂತು, "ಏನಾರ ಓದೇ ಮಗ, ಸುಮ್ಕೆ ಕೂತು ಕೂತು ಸಾಕಾಗೋಯ್ತು" ಎಂದಳು.

ನನ್ನ ಕೈಯಲ್ಲಿದ್ದದ್ದು ಯಾವುದೋ ದೂರದ ಚಳಿದೇಶದ ಕತೆ. ಶತ್ರುಗಳು ಸುತ್ತುವರಿದ ಊರಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಮೂರು ಮಕ್ಕಳನ್ನು ಕಟ್ಟಿಕೊಂಡು ಬದುಕುವುದು. ಇಂಗ್ಲಿಷಿನಲ್ಲಿ ಓದಿಕೊಂಡು, ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ. ದೊಡ್ಡತ್ತೆ ಹ್ಞೂಂಗುಟ್ಟುತ್ತ ಕೇಳುತ್ತಿದ್ದಳು. ಗಂಜಿಗಾಗಿ ಜನ ಸಾಲು ನಿಲ್ಲುವ ಭಾಗ ಬಂದಾಗ ತಟ್ಟನೆ ಹೇಳಿದಳು:

"ನಾವೂ ಅಂಗೇ ನಿಂತಿದ್ವಿ ಕಣೆ."

"ಎಲ್ಲಿ?"

"ಒಳೆನರಸೀಪುರದಾಗೆ. ಸೀಮೆಎಣ್ಣೆಗೆ, ಸಕ್ಕರೆಗೆ. ನಾನು ಅವ್ವನ ಸೆರಗು ಇಡ್ಕಂಡು ನಿಂತಿದ್ದೆ. ನಮ್ಮಪ್ಪ ದಂಡಿನ ಕೆಲಸಕ್ಕೆ ಓಗಿದ್ದ, ಬರ್ಮಾ ಕಡೀಕೆ."

ತಾತ ಯುದ್ಧಕಾಲದಲ್ಲಿ ಲಾರಿ ಓಡಿಸಲು ಹೋಗಿದ್ದ ಎಂಬುದು ಮಾತ್ರ ನನಗೆ ಗೊತ್ತಿತ್ತು. ಹಿಂದೆ ಉಳಿದ ಅಜ್ಜಿ, ಇಬ್ಬರು ಹೆಣ್ಣುಮಕ್ಕಳು, ಮೊಲೆ ಕುಡಿಯುತ್ತಿದ್ದ ನಮ್ಮಪ್ಪ ಹೇಗೆ ಬದುಕಿದರು ಎಂದು ನಾನು ಕೇಳಿಯೇ ಇರಲಿಲ್ಲ. ನಾನು ಹುಡುಕುತ್ತಿದ್ದ ಕಾದಂಬರಿ ನಮ್ಮ ಹಜಾರದಲ್ಲೇ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದೆ ಎನ್ನಿಸಿತು.

ಅಲ್ಲಿಂದ ದಿನಾ ಮಧ್ಯಾಹ್ನ ಒಂದಿಷ್ಟು ನಾನು ಓದುವುದು, ಒಂದಿಷ್ಟು ಅವಳು ಹೇಳುವುದು. ರಾಗಿ ಸುಗ್ಗಿಯಾದ ಮೇಲೆ ಸರ್ಕಾರದವರು ಬಂದು ಅಳೆದುಕೊಂಡು ಹೋದದ್ದು. ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ಅಜ್ಜಿ ಮುಚ್ಚಿಟ್ಟಿದ್ದ ರಾಗಿ ಮುಗ್ಗಿ ಹೋದದ್ದು. ಹೊಂಗೆಣ್ಣೆ ದೀಪದ ಹೊಗೆಗೆ ಕಣ್ಣು ಉರಿದದ್ದು. ಇವೆಲ್ಲ ಎಷ್ಟು ನಿಜವಾಗಿದ್ದವೆಂದರೆ, ನಾನು ಇದ್ದ ಕೆಲಸ ಬಿಟ್ಟು ಕೇಳುತ್ತಿದ್ದೆ.

ಆಮೇಲೆ ಗೊಂದಲ ಶುರುವಾಯಿತು.

ಒಂದು ದಿನ ಅವಳು ಹೇಳಿದಳು: "ಬೆಳಿಗ್ಗೆ ಎದ್ದು ನೋಡುದ್ರೆ ಅಂಗ್ಳ ಪೂರಾ ಬೆಳ್ಳಗೆ ಕಣೆ. ಬೀದಿ ಬೆಳ್ಳಗೆ, ಕೊಟ್ಟಿಗೆ ಬಾಗ್ಲು ಬೆಳ್ಳಗೆ. ಕಾಲಿಟ್ರೆ ಎಜ್ಜೆ ಮೂಡ್ತಿತ್ತು. ಅವ್ವ ನಮ್ಮುನ್ನ ಆಚೀಕೆ ಬಿಡ್ಲಿಲ್ಲ."

"ದೊಡ್ಡತ್ತೆ, ಹೊಳೆನರಸೀಪುರದಲ್ಲಿ ಹಿಮ ಬೀಳತ್ತಾ?"

"ಹಿಮವೋ ಏನೋ. ನಾ ನೋಡಿದ್ದು ಯೋಳ್ತಾ ಇವ್ನಿ."

ಹಿಂದಿನ ದಿನವಷ್ಟೇ ನಾನು ಆ ಚಳಿದೇಶದ ಹಿಮದ ಬಗ್ಗೆ ಎರಡು ಪುಟ ಹೇಳಿದ್ದೆ. ನನಗೆ ನಗು ಬಂತು. ಹಾಗಾದರೆ ಇಷ್ಟು ದಿನ ಹೇಳಿದ್ದರಲ್ಲಿ ಅವಳದೆಷ್ಟು, ಪುಸ್ತಕದ್ದೆಷ್ಟು? ಸೀಮೆಎಣ್ಣೆಯ ಸಾಲು ಕೂಡ ನಾನು ಗಂಜಿಯ ಸಾಲು ಓದಿದ ಮೇಲೆ ತಾನೆ ಅವಳ ಬಾಯಿಗೆ ಬಂದದ್ದು? ನಾನು ಅವಳ ನೆನಪನ್ನು ಕೇಳಿಸಿಕೊಳ್ಳುತ್ತಿದ್ದೆನೋ, ನಾನೇ ಕೊಟ್ಟದ್ದನ್ನು ವಾಪಸು ಇಸಿದುಕೊಳ್ಳುತ್ತಿದ್ದೆನೋ ತಿಳಿಯದೆ ಹೋಯಿತು.

ಕಾದಂಬರಿಯಲ್ಲಿ ಮುಂದೆ ಆ ಹೊಲಿಗೆಯವಳು ತನ್ನ ಎಳೆಗೂಸನ್ನು ಹಳ್ಳಿಯ ಹಾಲು ಮಾರುವವಳೊಬ್ಬಳಿಗೆ ಕೊಟ್ಟು ಬರುತ್ತಾಳೆ. ತನ್ನ ಹತ್ತಿರ ಇದ್ದರೆ ಸಾಯುತ್ತದೆ, ಅಲ್ಲಾದರೆ ಬದುಕೀತು ಎಂದು. ಅದನ್ನು ಹೇಳಿದ ಮಾರನೆಯ ದಿನ ಕಾಫಿ ಲೋಟ ಕೈಗೆ ಕೊಟ್ಟಾಗ ದೊಡ್ಡತ್ತೆ ಹೇಳಿದಳು:

"ನಿಮ್ಮಪ್ಪನ್ನೂ ಅಂಗೇ ಕೊಟ್ಬುಟ್ಟಿದ್ರು."

"ಏನಂದೆ?"

"ಅವ್ವಂಗೆ ಆಲು ಬತ್ತೋಗಿತ್ತು. ರುದ್ರಪಟ್ಟಣದ ತಾವ ಒಬ್ಳಿಗೆ ಕೊಟ್ಟು, ಒಂದು ಮೂಟೆ ರಾಗಿ ತಂದ್ಲು. ಆ ರಾಗೀಲೇ ನಾವಿಬ್ರು ಉಳ್ಕಂಡಿದ್ದು. ಯಾಡು ವರ್ಷಕ್ಕೋ ಏನೋ ಓಗಿ ಕರ್ಕಂಡ್ ಬಂದ್ಲು."

ಇದು ಕೂಡ ಹಿಮದಂತೆಯೇ ಎಂದು ಒಂದು ಮನಸ್ಸು ಹೇಳಿತು. ಆದರೆ ರುದ್ರಪಟ್ಟಣ ಆ ಪುಸ್ತಕದಲ್ಲಿ ಇರಲಿಲ್ಲ. ಅಪ್ಪ ತೀರಿಕೊಂಡು ವರ್ಷಗಳಾಗಿವೆ, ಅಜ್ಜಿ ಯಾವತ್ತೋ ಹೋದಳು. ಕೇಳಬಹುದಾದವಳು ಒಬ್ಬಳೇ ಉಳಿದಿದ್ದಳು. ಚಿಕ್ಕತ್ತೆ, ಅಪ್ಪನ ಎರಡನೇ ಅಕ್ಕ. ಅರಕಲಗೂಡಿನ ಹತ್ತಿರ ಮಗನ ಜೊತೆ ಇದ್ದಾಳೆ.

ವಾರ ಕಳೆಯುವುದರೊಳಗೆ ಬಸ್ಸು ಹತ್ತಿದೆ. ಅರಕಲಗೂಡಿನಲ್ಲಿ ಇಳಿದು ಆಟೋ ಹಿಡಿದು ಹೋದಾಗ ಮನೆಯವರೆಲ್ಲ ಶುಂಠಿ ಹೊಲದಲ್ಲಿದ್ದರು. ಚಿಕ್ಕತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವಳಿಗೆ ಕಣ್ಣು, ಕಿವಿ, ಬಾಯಿ ಮೂರೂ ಚುರುಕು. ಅಕ್ಕನ ಕ್ಷೇಮ ಕೇಳಿದ ಮೇಲೆ ನಾನು ಮೊದಲು ಹಿಮದ ಕತೆ ತೆಗೆದೆ, ನಗಿಸೋಣವೆಂದು.

ಅವಳು ನಗಲಿಲ್ಲ. "ಅದು ಕಾಲರಾ ಬಂದಿದ್ದು ಕಣವ್ವ. ಎಲ್ತ್‌ನೋರು ಬಂದು ಊರ್ ತುಂಬಾ ಬಿಳೀ ಪುಡಿ ಚೆಲ್ಲಿದ್ರು. ಮೂಗಿಗೆ ಗಾಟು ಒಡೀತಿತ್ತು. ನಂಗೂ ವಸಿ ವಸಿ ಗ್ಯಾನ ಅದೆ."

ನನ್ನ ಕೆನ್ನೆಗೆ ಹೊಡೆದಂತಾಯಿತು. ಪುಸ್ತಕದ್ದೆಂದು ನಾನು ತಳ್ಳಿಹಾಕಿದ್ದೇ ನಿಜವಾಗಿತ್ತು. ಧೈರ್ಯ ತಂದುಕೊಂಡು ಅಪ್ಪನನ್ನು ಕೊಟ್ಟ ವಿಷಯ ಕೇಳಿದೆ.

ಚಿಕ್ಕತ್ತೆಯ ಕೈ ನಿಂತಿತು. ಮೊರ ಪಕ್ಕಕ್ಕೆ ಸರಿಸಿ ಹೊಲದ ಕಡೆ ನೋಡಿದಳು. "ಅಕ್ಕ ಯೋಳುದ್ಲಾ? ಯಾರ್ಗೂ ಯೋಳ್ಬ್ಯಾಡಿ ಅಂತ ಅವ್ವ ನಮ್ಮಿಬ್ರ ತಾವೂ ಆಣೆ ಮಾಡಿಸ್ಕಂಡಿದ್ಲು."

"ಯಾಕೆ?"

"ಅವ್ರು ನಮ್ ಪೈಕಿ ಅಲ್ಲ. ಬ್ಯಾರೆ ಜನ. ಅವ್ವನ ತವ್ರು ಆ ಕಡೆ ಇತ್ತಲ್ಲ, ಅಲ್ಲಿ ಪರಿಚಯ. ಆ ಯಮ್ಮಂಗೆ ಅದೇ ವಯಸ್ಸಿನ ಕೂಸಿತ್ತು, ಎಮ್ಮೆ ಕಟ್ಟಿದ್ರು. ಕಾಲರಾದಾಗೆ ಊರಲ್ಲಿ ಮಕ್ಳು ಸಾಯ್ತಿದ್ವು. ಅದುಕ್ಕೇ ಬಿಟ್ಟು ಬಂದ್ಲು."

"ರಾಗಿ ಮೂಟೆ?"

"ಯಾವ್ ರಾಗಿ? ಬರಿಗೈಯಾಗೆ ನಡ್ಕಂಡ್ ಬಂದ್ಲು ಅವ್ವ. ಬಂದು ಒಲೆ ಮುಂದೆ ಕೂತೋಳು ಎದ್ದೇಳ್ಲಿಲ್ಲ. ಮಗೀನ ರಾಗಿಗೆ ಮಾರ್ಕತಾರಾ ಯಾರಾರ?" ಅವಳ ದನಿಯಲ್ಲಿ ಸಿಟ್ಟಿತ್ತು. "ಅವ್ವ ಓಗಿ ಕರ್ಕಂಡ್ ಬರ್ಲಿಲ್ಲ. ಆ ಯಮ್ಮನೇ ಬಂದಿದ್ದು. ಸಿಡುಬು ಬಂದು ಅವಳ ಕೂಸು ಓಗ್ಬುಡ್ತಂತೆ. ನಮ್ದು ಉಳೀತಂತೆ. ತಂದು ಅಂಗಳದಾಗೆ ನಿಲ್ಸಿ, ತಗಳವ್ವ ನಿನ್ನ ಮಗೀನ ಅಂದ್ಲು. ನೀರೂ ಕುಡೀದೆ ಓದ್ಲು."

ನನ್ನ ತಲೆಯಲ್ಲಿ ಏನೋ ತಡವರಿಸಿತು. "ಚಿಕ್ಕತ್ತೆ, ಎರಡೂ ಒಂದೇ ವಯಸ್ಸಿನ ಮಕ್ಕಳು. ಬಂದದ್ದು ನಮ್ಮದೇ ಅಂತ ಹೇಗೆ ಗೊತ್ತಾಯ್ತು?"

ಅವಳು ನನ್ನನ್ನು ಅರ್ಥವಾಗದವಳಂತೆ ನೋಡಿದಳು. ಈ ಪ್ರಶ್ನೆ ಅವಳಿಗೆ ಇಷ್ಟು ವರ್ಷಗಳಲ್ಲಿ ಬಂದೇ ಇರಲಿಲ್ಲ ಎಂದು ಕಾಣುತ್ತದೆ. "ಅವ್ವಂಗೆ ಗೊತ್ತಾಗಕುಲ್ವಾ? ಕೊಟ್ಟಾಗ ತವುಳ್ತಿತ್ತು, ಬಂದಾಗ ಓಡಾಡ್ತಿತ್ತು. ಮಖದ ತುಂಬಾ ಸಿಡುಬಿನ ಕಲೆ. ಅವ್ವ ಒಂದ್ ಗಳಿಗೆ ನೋಡುದ್ಲು. ಆಮೇಲೆ ಎತ್ಕಂಡ್ಲು." ಮತ್ತೆ ಮೊರ ಎಳೆದುಕೊಂಡು, "ಒಂದ್ ಗಳಿಗೆ ನೋಡುದ್ಲು, ಅದು ನಿಜ" ಎಂದಳು.

ಅಪ್ಪನ ಮುಖದ ಕಲೆಗಳನ್ನು ನಾನು ಚಿಕ್ಕವಳಿದ್ದಾಗ ಬೆರಳಿನಿಂದ ಮುಟ್ಟುತ್ತಿದ್ದೆ. ಜಗಲಿಯಲ್ಲಿ ಕೂತಿದ್ದಂತೆ ಇನ್ನೊಂದು ನೆನಪೂ ಬಂತು. ನಿವೃತ್ತನಾದ ಮೇಲೆ ಅಪ್ಪ ವರ್ಷಕ್ಕೊಮ್ಮೆ ಹೊಳೆ ದಂಡೆಯ ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋಗುತ್ತಿದ್ದ. ಅವನಿಗೆ ಸಂಗೀತದ ಗಂಧ ಗಾಳಿ ಇರಲಿಲ್ಲ. ಯಾರು ಹಾಡಿದರು ಎಂದು ಕೇಳಿದರೆ, "ಚೆನ್ನಾಗಿತ್ತು, ಹೊಳೆ ತುಂಬಿ ಹರೀತಿತ್ತು" ಎನ್ನುತ್ತಿದ್ದ. ಅವನಿಗೆ ಗೊತ್ತಿತ್ತೇ? ಗೊತ್ತಿದ್ದರೆ ಏನು ಗೊತ್ತಿತ್ತು? ಸುಮ್ಮನೆ ಹೊಳೆ ನೋಡಲು ಹೋಗುತ್ತಿದ್ದನೆ? ಮುದುಕರು ಹೊಳೆ ನೋಡಲು ಹೋಗುವುದೂ ಉಂಟು.

ಹಾಸನಕ್ಕೆ ಹಿಂದಿರುಗಬೇಕಾದವಳು ಅರಕಲಗೂಡಿನಲ್ಲಿ ಎದುರಿಗೆ ಬಂದ ಬಸ್ಸು ಹತ್ತಿ ರುದ್ರಪಟ್ಟಣಕ್ಕೆ ಹೋದೆ. ಯಾಕೆ ಹೋದೆನೆಂದು ಇವತ್ತಿಗೂ ಹೇಳಲಾರೆ. ಇಳಿದು ಟೀ ಅಂಗಡಿಯಲ್ಲಿ ಕೂತೆ. ಅಂಗಡಿಯವನು, "ಯಾರ್ ಮನೇಗ್ ಓಗ್ಬೇಕು ಮೇಡಂ?" ಎಂದು ಕೇಳಿದ. ನನಗೆ ಹೆಸರು ಗೊತ್ತಿರಲಿಲ್ಲ, ಊರೂ ಸರಿಯಾಗಿ ಗೊತ್ತಿರಲಿಲ್ಲ. "ರುದ್ರಪಟ್ಟಣದ ತಾವ" ಎಂದರೆ ಹೊಳೆಯ ಈ ದಡವೋ ಆ ದಡವೋ. "ಹಿಂದೆ ಎಮ್ಮೆ ಕಟ್ಟಿದ್ದ ಮನೆ" ಎಂದೆ.

"ಎಲ್ರೂ ಕಟ್ಟಿದ್ರಲ್ಲ ಮೇಡಂ" ಎಂದು ಅವನು ನಕ್ಕ.

ಅಂಗಡಿಗೆ ಬಂದು ಹೋಗುವ ಮುದುಕರ ಮುಖವನ್ನೆಲ್ಲ ನೋಡಿದೆ. ಮೊದಲು ಒಬ್ಬರದೂ ಅಪ್ಪನಂತೆ ಕಾಣಲಿಲ್ಲ. ಆಮೇಲೆ ಎಲ್ಲರದೂ ಸ್ವಲ್ಪ ಸ್ವಲ್ಪ ಅಪ್ಪನಂತೆಯೇ ಕಂಡಿತು. ಇನ್ನು ಕೂತರೆ ತಲೆ ಕೆಡುತ್ತದೆ ಎನ್ನಿಸಿ ಎದ್ದು ಬಂದೆ.

ಮನೆಗೆ ಬಂದವಳು ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಚನ್ನರಾಯಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಮೊದಲು ನಕ್ಕ. "ಅಕ್ಕ, ನೀನು ಕಾದಂಬರಿ ಓದೋದು ಜಾಸ್ತಿ ಆಯ್ತು." ಗಿರಾಕಿಯೊಬ್ಬರು ಏನೋ ಕೇಳಿದ್ದು, ಅವನು ಅವರನ್ನು ಕಾಯಲು ಹೇಳಿದ್ದು ನನಗೆ ಕೇಳಿಸಿತು. "ಹಂಗಾದ್ರೆ ನಾವು ವರ್ಷ ವರ್ಷ ಎಡೆ ಇಡ್ತಿರೋದು ಯಾರಿಗೆ?" ಎಂದ.

"ಅಪ್ಪನಿಗೇ ಅಲ್ವೇನೋ."

"ಅಪ್ಪನಿಗೆ ಸರಿ. ಅದರ ಹಿಂದಿನೋರಿಗೆ?"

"ಅವರೂ ಊಟ ಮಾಡ್ಲಿ ಬಿಡು" ಎಂದೆ. ಹೇಳಿದ ಮೇಲೆ, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದೆನೆಂದು ನನಗೇ ಗೊತ್ತಾಗಲಿಲ್ಲ.

ದೊಡ್ಡತ್ತೆಯನ್ನು ಕೇಳಲು ಕೆಲವು ದಿನ ಹಿಂಜರಿದೆ. ಎರಡನೇ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ಮಧ್ಯಾಹ್ನ ಅವಳು ಖುಷಿಯಲ್ಲಿದ್ದಳು. ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿ, "ಎಷ್ಟ್ ಚೆಂದಾಗ್ ಕಾಣ್ತಾ ಅವ್ನೆ" ಎಂದಳು. ನಾನು ಹತ್ತಿರ ಕೂತು, ಚಿಕ್ಕತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ರಾಗಿ ಮೂಟೆಯೇ ಇರಲಿಲ್ಲವಂತೆ ಎಂದೆ.

"ಅವ್ಳು ಚಿಕ್ಕೋಳು, ಅವ್ಳಿಗೇನು ಗೊತ್ತು? ಆ ರಾಗಿ ರೊಟ್ಟಿ ತಿಂದಿದ್ದು ನಂಗೆ ಇನ್ನೂ ಬಾಯಾಗದೆ."

"ದೊಡ್ಡತ್ತೆ, ಆ ಹೆಂಗಸಿನ ಮಗು ಸತ್ತು ನಮ್ಮದು ಉಳೀತು ಅಂತಾಳೆ. ಅದಲು ಬದಲು ಆಗಿದ್ರೆ?"

ಅವಳು ತಿರುಗಿ ನನ್ನನ್ನು ನೋಡಿದಳು. ಹೊಸ ಕಣ್ಣಿನಲ್ಲಿ ನೀರು ತುಂಬಿತ್ತು. ಔಷಧಿಯದೋ, ಬೇರೆಯದೋ. ಸಿಟ್ಟು ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಮಾಡಿಕೊಳ್ಳಲಿಲ್ಲ.

"ಅವತ್ತು ಬಂದೋನು ಅವ್ವನ ತಾವ ಓಗ್ಲಿಲ್ಲ ಕಣೆ. ಅಳ್ತಾ ನಿಂತಿದ್ದ. ನಾನು ಕೈ ನೀಡುದ್ರೆ ಬಂದು ಸೊಂಟ ಅತ್ಕಂಡ. ಅವತ್ತೆಲ್ಲ ಇಳೀಲಿಲ್ಲ. ನೀರಿಗೆ ಓದ್ರೂ ಸೊಂಟದ ಮ್ಯಾಲೆ, ಕಸ ಗುಡುಸುದ್ರೂ ಸೊಂಟದ ಮ್ಯಾಲೆ. ಇನ್ನೇನು ನೋಡ್ಬೇಕಿತ್ತು?"

"ಅಜ್ಜಿ ಏನಾದ್ರೂ ಅಂದ್ಲಾ ಯಾವತ್ತಾದ್ರೂ?"

"ಏನೂ ಅನ್ಲಿಲ್ಲ. ಆದ್ರೆ ಆ ಯಮ್ಮ ತೀರ್ಕಂಡ್ಲು ಅಂತ ಸುದ್ದಿ ಬಂದಾಗ ನಿಮ್ಮಪ್ಪನ್ನ ಕೂರ್ಸಿ ತಲೆಗೆ ನೀರು ಉಯ್ದು ಸ್ನಾನ ಮಾಡ್ಸುದ್ಲು. ಯಾಕೆ ಅಂತ ಯೋಳ್ಲಿಲ್ಲ. ನಾವೂ ಕೇಳ್ಲಿಲ್ಲ."

ಸೂತಕದ ಸ್ನಾನ. ಹಾಲು ಕುಡಿಸಿದವಳಿಗಾಗಿಯೋ, ಹೆತ್ತವಳಿಗಾಗಿಯೋ. ಎರಡೂ ಆಗಬಹುದು. ಅಜ್ಜಿಗೆ ಗೊತ್ತಿತ್ತೋ ಅಥವಾ ಅವಳಿಗೂ ಗೊತ್ತಿಲ್ಲದೆ, ಯಾವುದಕ್ಕೂ ಇರಲಿ ಎಂದು ನೀರು ಹುಯ್ದಳೋ. ಕೇಳುತ್ತ ಕೂತಿದ್ದ ನನಗೆ ಅಳು ಬರುವಂತಿತ್ತು. ಯಾರಿಗಾಗಿ ಅಳಬೇಕೆಂದು ಮಾತ್ರ ಹೊಳೆಯಲಿಲ್ಲ. ಒಬ್ಬಳು ಮಗುವನ್ನು ಕೊಟ್ಟು ಬರಿಗೈಯಲ್ಲಿ ನಡೆದು ಬಂದಳು. ಇನ್ನೊಬ್ಬಳು ಅಷ್ಟು ದೂರ ಎತ್ತಿಕೊಂಡು ಬಂದು, ಕೊಟ್ಟು, ಬರಿಗೈಯಲ್ಲಿ ನಡೆದು ಹೋದಳು.

ಎರಡನೇ ಕಣ್ಣು ಮಾಗಿದ ಮೇಲೆ ಮಗ ಕಾರು ತಂದು ದೊಡ್ಡತ್ತೆಯನ್ನು ಬಾಗೂರಿಗೆ ಕರೆದುಕೊಂಡು ಹೋದ. ಈಗ ಟೀವಿ ನೋಡುತ್ತಾಳಂತೆ, ಅವರೆಕಾಳು ಆರಿಸುತ್ತಾಳಂತೆ. ನಾನು ಬರೆಯಲು ಕೂತಿದ್ದೇನೆ. ಸೀಮೆಎಣ್ಣೆಯ ಸಾಲು, ಬಿಳೀ ಪುಡಿಯ ಅಂಗಳ, ಹಗೇವು ಎಲ್ಲ ಸಲೀಸಾಗಿ ಬಂದವು. ಆ ಹೆಂಗಸು ಮಗುವನ್ನು ತಂದು ನಿಲ್ಲಿಸುವಲ್ಲಿಗೆ ಬಂದು ನಿಂತಿದ್ದೇನೆ. ಅಜ್ಜಿ ಒಂದು ಗಳಿಗೆ ನೋಡಿದಾಗ ಏನು ಕಂಡಳು ಎಂದು ಒಂದು ಸಲ ಒಂದು ಥರ ಬರೆಯುತ್ತೇನೆ, ಮಾರನೆಯ ದಿನ ಹೊಡೆದುಹಾಕಿ ಇನ್ನೊಂದು ಥರ ಬರೆಯುತ್ತೇನೆ. ಎರಡು ಸಲವೂ ನಿಜವನ್ನೇ ಬರೆದೆ ಎನ್ನಿಸುತ್ತದೆ.