ಮೈಕಣ್ಣನ ಪರವಾಗಿ

ಸಭೆಯಿರಲಿ, ಚುನಾವಣೆಯಿರಲಿ, ಮೈಕು ಕಟ್ಟುವವನು ನಮ್ಮ ಎದುರುಮನೆಯ ಮೈಕಣ್ಣ. ಊರಿಗೆಲ್ಲ ದನಿ ಬಾಡಿಗೆಗೆ ಕೊಡುತ್ತಿದ್ದವನ ಸ್ವಂತ ದನಿ ಮಾತ್ರ ಹೆಂಡತಿಯ ಹತ್ತಿರ ಅಡವಿತ್ತು. "ಊಟ ಆಯ್ತಾ ಅಣ್ಣಾ?" ಎಂದು ಕೇಳಿದರೆ ಒಳಗಿನಿಂದ ಅವಳೇ, "ಆಯ್ತು, ಉಪ್ಪು ಸ್ವಲ್ಪ ಕಡಿಮೆ ಅಂದ್ರು" ಎನ್ನುತ್ತಿದ್ದಳು. ಅವನು ಹಾಗೆ ಅಂದೇ ಇರುತ್ತಿರಲಿಲ್ಲ. ಅದಕ್ಕೆ ಅವನ ತಕರಾರೂ ಇರಲಿಲ್ಲ.

ಅವನ ಹೃದಯದ ನಾಳ ಕಟ್ಟಿಕೊಂಡು ಆಪರೇಷನ್ ನಿಗದಿಯಾದಾಗ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು ಕೇಳಿದರು: "ಯಾವುದಾದ್ರೂ ಔಷಧಿ ಮೈಗೆ ಆಗಲ್ವಾ?"

ಮೈಕಣ್ಣ ಬಾಯಿ ತೆರೆದ.

"ಇವರಿಗೆ ಕಲ್ಲು ಕೊಟ್ರೂ ಅರಗತ್ತೆ ಡಾಕ್ಟ್ರೇ," ಎಂದಳು ಹೆಂಡತಿ.

ಮೈಕಣ್ಣ ಬಾಯಿ ಮುಚ್ಚಿದ. ಎದೆಗೆ ಆಗಬೇಕಿದ್ದ ಬೈಪಾಸ್ ಮೊದಲು ಬಾಯಿಗೇ ಆಯಿತು.

ಮಾರನೆಯ ದಿನ ಮಲಗಿಸಿ ಔಷಧಿಗಳನ್ನು ಚುಚ್ಚಿದ್ದೇ ತಡ, ಮೈಯೆಲ್ಲ ಕೆಂಪೇರಿ ರಕ್ತದೊತ್ತಡ ಪಾತಾಳಕ್ಕಿಳಿಯಿತು. ಎದೆ ತೆರೆಯುವ ಮೊದಲೇ ಎಲ್ಲ ನಿಲ್ಲಿಸಿ ಹೇಗೋ ಜೀವ ಉಳಿಸಿದರು. ನಾಳಗಳು ಕಟ್ಟಿಕೊಂಡೇ ಉಳಿದವು. ಕೊಟ್ಟ ಔಷಧಿಗಳಲ್ಲಿ ವಿಷವಾದದ್ದು ಯಾವುದೆಂದು ತಿಳಿಯದೆ ಮತ್ತೆ ಕೈಹಾಕುವಂತಿರಲಿಲ್ಲ.

ಎಚ್ಚರವಾದ ಮೇಲೆ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ಹೆಂಡತಿ ಉಸಿರೆಳೆದುಕೊಂಡಳು.

"ನೀವಲ್ಲಮ್ಮಾ. ಅವರು ಹೇಳ್ಲಿ."

"ಮದುವೆಗೆ ಮುಂಚೆ ಕಾಲಿಗೆ ಮೊಳೆ ಚುಚ್ಚಿತ್ತು," ಎಂದ ಮೈಕಣ್ಣ, ಕೆಟ್ಟ ಸ್ಪೀಕರಿನಂಥ ಗಂಟಲಲ್ಲಿ. "ಕೀವಾಗದಿರಲಿ ಅಂತ ಇಂಜೆಕ್ಷನ್ ಕೊಟ್ರು. ಮುಖ ಊದಿ ಉಸಿರೇ ಕಟ್ಟಿಹೋಗಿತ್ತು."

"ಮೊನ್ನೆ ಯಾಕ್ರೀ ಹೇಳಲಿಲ್ಲ?" ಎಂದರು ಡಾಕ್ಟರಮ್ಮ.

"ಅವಳು ಹೇಳಿಬಿಟ್ಟಿದ್ಲಲ್ಲ."

ಹೊರಗೆ ಬೆಂಚಿನ ಮೇಲೆ ಅವಳು, ಆಸ್ಪತ್ರೆಗೆ ಜೊತೆಗೆ ಬಂದಿದ್ದ ನನ್ನ ಕೈ ಹಿಡಿದುಕೊಂಡಳು. "ಇವರ ಹೊಟ್ಟೆಯೊಳಗಿನ ಮಾತೆಲ್ಲ ನಂಗೊತ್ತು ಅಂದ್ಕೊಂಡಿದ್ದೆ. ಬಾಯಿಯಿಂದಲೇ ಕೊಂದುಬಿಡ್ತಿದ್ದೆನಲ್ಲ." ನನ್ನ ನಾಲಿಗೆಯ ತುದಿಗೆ ಒಂದು ಜೋಕು ಬಂದಿತ್ತು. ನುಂಗಿಕೊಂಡೆ.

ಆಗದ ಔಷಧಿ ಯಾವುದೆಂದು ಪತ್ತೆಮಾಡುವ ಚರ್ಮದ ಪರೀಕ್ಷೆಗೆ ವಾರಗಟ್ಟಲೆ ಕಾಯಬೇಕಾಯಿತು. ಮೆಟ್ಟಿಲು ಹತ್ತಿದರೆ ಎದೆ ಹಿಂಡುತ್ತಿತ್ತು. ನೋಡಲು ಬಂದವರಿಗೆಲ್ಲ ಅವಳು, "ಇವರಿಗೇನೂ ಭಯ ಇಲ್ಲಪ್ಪ, ನನಗೇ" ಎನ್ನುತ್ತಿದ್ದಳು.

ಕೊನೆಗೆ ಡಾಕ್ಟರಮ್ಮ ಎದುರು ಕೂತರು. "ಆಗದ ಔಷಧಿ ಸಿಕ್ಕಿದೆ, ಅದು ಬಿಟ್ಟು ಬೇರೆ ಕೊಡ್ತೀವಿ. ಆದ್ರೂ ನೂರಕ್ಕೆ ನೂರು ಅನ್ನಕ್ಕಾಗಲ್ಲ. ಮಾಡಿಸ್ಕೊಳ್ತೀರಾ?"

ಮೈಕಣ್ಣ ಹೆಂಡತಿಯನ್ನು ನೋಡಿದ. ಅವಳು ಅಂಗೈಯಿಂದ ತನ್ನ ಬಾಯನ್ನೇ ಅದುಮಿಕೊಂಡಿದ್ದಳು.

"ನಂಗೆ ತುಂಬಾ ಭಯ," ಎಂದ ಅವನು.

ಅವಳ ಕೈ ಬಾಯಿಂದ ಜಾರಿತು.

"ಮಾಡಿ," ಎಂದ ಮೈಕಣ್ಣ. "ಆಪರೇಷನ್ ಕೋಣೆ ಬಾಗಿಲ ತನಕ ಇವಳೂ ಬರ್ಲಿ."